ಟಿ480 ಧೈರ್ಯವಾಗಿ ತಗೊಳ್ಳಿ, ಪರದೆ ಮಾತ್ರ ನೋಡಿ
ಬದಿಯಡ್ಕದ ಅಣ್ಣಾ, ಮಗಳ ಕಾಲೇಜಿಗೆ ಲೆನೊವೊದ ಹಳೆಯ ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್ ಟಿ480 ಸಾಕಾ, ಹೊಸ ತೆಳು ಲ್ಯಾಪ್‌ಟಾಪ್ ಬೇಕಾ ಅಂತ ಕೇಳಿದ್ದೀರಿ. ನಾನಾದರೆ ಟಿ480 ತಗೊಳ್ಳುತ್ತೇನೆ.

ನನ್ನ ಮೊದಲಿನ ತೆಳು ಲ್ಯಾಪ್‌ಟಾಪಿನಲ್ಲಿ ರ್ಯಾಮ್ (ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಬೋರ್ಡಿಗೇ ಬೆಸುಗೆ ಹಾಕಿದ್ದರು, ಹೆಚ್ಚಿಸಲು ಆಗುತ್ತಿರಲಿಲ್ಲ. 4 ಜಿಬಿ ಸಾಲದೆ ಇಡೀ ಯಂತ್ರವನ್ನೇ ಮೂಲೆಗಿಟ್ಟೆ. ಟಿ480ರಲ್ಲಿ ರ್ಯಾಮಿಗೆ ಎರಡು ಸ್ಲಾಟ್ ಇವೆ, ಫೈಲುಗಳನ್ನು ಇಡುವ ಎಸ್‌ಎಸ್‌ಡಿಯೂ ಬದಲಿಸಬಹುದು. ಬ್ಯಾಟರಿಯೂ ಎರಡು, ಒಳಗೊಂದು ಹೊರಗೊಂದು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಆಫ್ ಮಾಡದೆಯೇ ಹೊರಗಿನದನ್ನು ಬದಲಿಸಬಹುದು. ನಮ್ಮ ಊರಿಗೆ ಇದು ಎಷ್ಟು ದೊಡ್ಡ ಉಪಕಾರ ಅಲ್ವಾ! ರ್ಯಾಮನ್ನು ನಾನೇ ಜಗಲಿಯಲ್ಲಿ ಕೂತು ಹಾಕಿದೆ, ಮಂಗಳೂರಿಗೆ ಓಡುವುದು ತಪ್ಪಿತು.

ತಳ ಬಿಚ್ಚುವ ಮೊದಲು ಬಯೋಸಿನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಒಳಗಿನ ಬ್ಯಾಟರಿ ಆಫ್ ಮಾಡಿ, ಹೊರಗಿನದನ್ನು ತೆಗೆಯಿರಿ. ಇದನ್ನು ಮರೀಬೇಡಿ. 2018ರ ಮಾದರಿ, ಹಾಗಾಗಿ ಬ್ಯಾಟರಿ ಸವೆದಿರಬಹುದು. ಕೆಲವದರಲ್ಲಿ ಸ್ಪಷ್ಟತೆ ಕಡಿಮೆ ಇರುವ 1366x768 ಪರದೆ ಇರುತ್ತದೆ, ಅದು ಬೇಡ. ಫುಲ್ ಎಚ್‌ಡಿ (1920x1080) ಇರುವುದನ್ನೇ ಕೇಳಿ.