ಪ್ರತಿಕ್ರಿಯೆ: ಗುಡ್ಡದ ಕೇಪಳ, ನರ್ಸರಿಯ ಇಕ್ಸೋರಾ ಎರಡೂ ಒಂದೇನಾ?

ಮಣಿಪಾಲದ ನರ್ಸರಿಯಿಂದ ತಂದ ಹಳದಿ ಇಕ್ಸೋರಾ ನಮ್ಮ ಗುಡ್ಡದ ಕೆಂಪು ಹೂವಿನ ಗಿಡ ಕೇಪಳದ ಬಳಗದ್ದೇನಾ ಅಂತ ಕೇಳಿದ್ದೀರಿ. ಹೌದು, ಎರಡೂ ಇಕ್ಸೋರಾ ಕುಲದವೇ. ಬಣ್ಣ ನೋಡಬೇಡಿ, ಅದು ಮೋಸ ಮಾಡುತ್ತದೆ. ಎರಡರ ಹೂವಿಗೂ ನಾಲ್ಕೇ ಎಸಳು, ಕೆಳಗೆ ಸಪೂರವಾದ ಉದ್ದ ಕೊಳವೆ. ಮಕರಂದ ಅದರ ತಳದಲ್ಲಿರುವುದರಿಂದ ಉದ್ದ ನಾಲಗೆಯ ಚಿಟ್ಟೆಗಳಿಗೇ ಲಾಭ ಜಾಸ್ತಿ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಆ ಜೋಡಿಯ ನಡುವೆ ಗೆಣ್ಣಿನಲ್ಲಿ ಚೂಪಾದ ಸಣ್ಣ ಪೊರೆ ಕಾಣುತ್ತದಾ? ಕಾಫಿ ಗಿಡದಲ್ಲೂ ಅದಿದೆ, ಕಾಫಿ, ಇಕ್ಸೋರಾ ಎರಡೂ ಒಂದೇ ಕುಟುಂಬ ಅಲ್ವಾ! ಗುಡ್ಡದ ಕೇಪಳದ ಎಸಳಿನ ತುದಿ ಚೂಪು, ಚೀನಾ ಮೂಲದ ಇಕ್ಸೋರಾದ್ದು ದುಂಡಗೆ. ಗಿಡವನ್ನು ಸಿಮೆಂಟ್ ಗೋಡೆಯ ಬುಡದಲ್ಲಿ ಮಾತ್ರ ನೆಡಬೇಡಿ. ಸುಣ್ಣದ ಅಂಶಕ್ಕೆ ಎಲೆ ಹಳದಿಯಾಗುತ್ತದೆ.