ಮಾಲ್ಡೀವ್ಸ್‌ನಲ್ಲಿ ಕೈದಾರದ ಮೀನುಗಾರಿಕೆ: ಪ್ರತಿಕ್ರಿಯೆ

ಜನವರಿಯಲ್ಲಿ ಬೆಂಗಳೂರಿಂದ ಮಾಲ್ಡೀವ್ಸ್‌ಗೆ ಹೊರಟಿದ್ದೀರಿ, ಅಲ್ಲಿ ಕೈದಾರದಲ್ಲಿ ಮೀನು ಹಿಡಿಯೋಕೆ ಗಾಳ ಇಲ್ಲಿಂದಲೇ ಒಯ್ಯಬೇಕಾ, ಹತ್ತು ವರ್ಷದ ಮಗಳಿಗೆ ಆಗುತ್ತಾ ಅಂತ ಕೇಳಿದ್ದೀರಿ. ಗಾಳ ಬೇಡ, ದೋಣಿಯವರೇ ಕೊಡ್ತಾರೆ. ಮಗಳನ್ನು ಖಂಡಿತ ಕರ್ಕೊಂಡು ಹೋಗಿ. ಆ ತಿಂಗಳಲ್ಲಿ ಅಲ್ಲಿ ಕಡಲು ಸಾಮಾನ್ಯವಾಗಿ ಶಾಂತ.

ಇದರಲ್ಲಿ ಕೋಲೂ ಇಲ್ಲ, ರೀಲೂ ಇಲ್ಲ. ಸುರುಳಿಗೆ ಸುತ್ತಿದ ನೈಲಾನ್ ದಾರ, ತುದಿಯಲ್ಲಿ ಕೊಕ್ಕೆ, ಭಾರಕ್ಕೆ ಸೀಸ. ಸೂರ್ಯ ಮುಳುಗುವ ಹೊತ್ತಿಗೆ ಹವಳದ ದಿಬ್ಬದ ಹತ್ತಿರ ದೋಣಿ ನಿಲ್ಲಿಸ್ತಾರೆ. ಸೀಸ ತಳ ಮುಟ್ಟಿದಾಗ ದಾರ ಸಡಿಲ ಬೀಳುತ್ತೆ. ಆಗ ಒಂದು ಮಾರು ಮೇಲೆಳೆದು, ತೋರುಬೆರಳ ಮೇಲೆ ದಾರ ಇಟ್ಟು ಕಾಯಬೇಕು. ಮೀನು ಮೊದಲು ಮೆತ್ತಗೆ ಕುಟುಕುತ್ತೆ. ಆ ಸ್ಪರ್ಶ ನೇರ ಬೆರಳಿಗೇ ಬರುತ್ತಲ್ಲ, ನನಗೆ ಇದರಲ್ಲಿ ಅತಿ ಇಷ್ಟವಾದದ್ದು ಅದೇ. ಜೋರಾಗಿ ಎಳೆದಾಗ ತಡಮಾಡದೆ ಜಗ್ಗಿ.

ದಾರವನ್ನು ಮಗಳು ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬಾರದು, ದೊಡ್ಡ ಮೀನು ಎಳೆದರೆ ಚರ್ಮ ಸೀಳುತ್ತೆ. ಅವಳ ಅಳತೆಯ ಕೈಗವಸು ಇಲ್ಲಿಂದಲೇ ಒಯ್ಯಿರಿ. ಲೈಫ್ ಜಾಕೆಟ್ ಕೇಳಿ ಹಾಕಿಸಿ. ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ಕೊಡಿ, ದೋಣಿ ನಿಂತಾಗಲೇ ಓಲಾಟ ಹೆಚ್ಚು.

ರಸೆಲ್ ಮಾರ್ಕೆಟ್‌ನಲ್ಲಿ ಐಸ್ ಮೇಲೆ ನೋಡೋ ಮುರು, ಕೆಂಬೇರಿ ಜಾತಿಯ ಮೀನುಗಳೇ ಅಲ್ಲೂ ಸಿಗೋದು. ಮರಿಗಳನ್ನು ವಾಪಸ್ ಬಿಡಿಸಿ. ಉಳಿದದ್ದನ್ನು ಸುಟ್ಟುಕೊಡ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿ.