ಬಿಲ್ಡ್‌ನಲ್ಲಿ ಫೈಲ್ ಒಡೆತನದ ಎಚ್ಚರಿಕೆ: ಮುಚ್ಚಬೇಕೋ, ತಿದ್ದಬೇಕೋ?

ಪ್ರಶ್ನೆ: ನಾವು ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಪಂಪ್ ಪರೀಕ್ಷಿಸುವ ಕಂಟ್ರೋಲರ್ ತಯಾರಿಸುತ್ತೇವೆ. ಯೋಕ್ಟೋದಲ್ಲಿ (ಸಾಧನಕ್ಕೆ ಬೇಕಾದ ಲಿನಕ್ಸ್ ಕಟ್ಟುವ ವ್ಯವಸ್ಥೆ) ಲಿನಕ್ಸ್ ಇಮೇಜ್ ಬಿಲ್ಡ್ ಮಾಡುವಾಗ ‘ಹೋಸ್ಟ್ ಯೂಸರ್ ಕಂಟ್ಯಾಮಿನೇಟೆಡ್’ ಎಂಬ ಎಚ್ಚರಿಕೆ ಬರುತ್ತಿದೆ. ಫೈಲ್‌ನ ಯುಐಡಿ (ಒಡೆಯನ ನಂಬರ್) 1000, ಬಿಟ್‌ಬೇಕ್ (ಬಿಲ್ಡ್ ನಡೆಸುವ ಪ್ರೋಗ್ರಾಂ) ಓಡಿಸುವವರದ್ದೂ ಅದೇ ಅನ್ನುತ್ತದೆ. ಇಮೇಜ್ ತಯಾರಾಗುತ್ತದೆ, ಬೋರ್ಡ್ ಕೂಡ ಬೂಟ್ ಆಗುತ್ತದೆ. ‘ಇನ್ಸೇನ್ ಸ್ಕಿಪ್‌ಗೆ (ಬಿಟ್ಟುಬಿಡುವ ಪರೀಕ್ಷೆಗಳ ಪಟ್ಟಿ) ಸೇರಿಸಿ, ಎಚ್ಚರಿಕೆ ಹೋಗುತ್ತೆ’ ಅಂತಾರೆ ಜೊತೆಗಾರರು. ಸೇರಿಸಬಹುದಾ?
– ಓದುಗರು, ಬೆಳಗಾವಿ

ಉತ್ತರ: ಬೇಡ. ಅದನ್ನು ಸೇರಿಸಿದರೆ ಎಚ್ಚರಿಕೆ ಹೋಗುತ್ತದೆ, ತಪ್ಪು ಮಾತ್ರ ಸಾಧನದೊಳಗೇ ಉಳಿಯುತ್ತದೆ.

ಇಮೇಜ್‌ನ ಫೈಲ್‌ಗಳು ಸಾಮಾನ್ಯವಾಗಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಹೆಸರಲ್ಲಿರಬೇಕು, ಅಂದರೆ ಯುಐಡಿ 0. ಆದರೆ ನೀವು ರೂಟ್ ಆಗಿ ಬಿಲ್ಡ್ ಮಾಡುವಂತಿಲ್ಲ, ಬಿಟ್‌ಬೇಕ್ ಅದಕ್ಕೆ ಒಪ್ಪುವುದೇ ಇಲ್ಲ. ಅದಕ್ಕೇ ಸ್ಯೂಡೋ ಎಂಬ ಪ್ರೋಗ್ರಾಂ ಇರುವುದು. ನಾವು ದಿನಾ ಬಳಸುವ ಸುಡೋ ಬೇರೆ, ಇದು ಬೇರೆ. ನಮ್ಮ ಕಡೆ ಹೊಲಕ್ಕೆ ಉತಾರ (ಪಹಣಿ) ಇರುತ್ತದಲ್ವಾ, ಹಾಗೆ ಸ್ಯೂಡೋ ಪ್ರತಿ ಫೈಲಿಗೂ ಒಂದು ಉತಾರ ಬರೆದಿಡುತ್ತದೆ. ಡಿಸ್ಕ್ ಮೇಲೆ ಫೈಲ್ ನಿಮ್ಮದು, ಉತಾರದಲ್ಲಿ ರೂಟ್ ಹೆಸರು. ಪ್ಯಾಕೇಜ್ ಕಟ್ಟುವಾಗ ಲೆಕ್ಕಕ್ಕೆ ಬರುವುದು ಉತಾರ ಮಾತ್ರ.

ಕೆಡುವುದು ಎಲ್ಲಿ ಅಂದರೆ, ಸೋರ್ಸ್ ಬಿಚ್ಚುವ ಹಂತ ಸ್ಯೂಡೋದ ಕೆಳಗೆ ನಡೆಯುವುದಿಲ್ಲ. ಅಲ್ಲಿನ ಫೈಲ್‌ಗಳಿಗೆ ನೀವೇ ಒಡೆಯರು. ಆಮೇಲೆ ಡೂ-ಇನ್‌ಸ್ಟಾಲ್‌ನಲ್ಲಿ (ಫೈಲ್‌ಗಳನ್ನು ಅವುಗಳ ಜಾಗಕ್ಕೆ ಜೋಡಿಸುವ ಹಂತ) ಯಾರೋ ‘ಸಿಪಿ ಮೈನಸ್ ಎ’ ಅಂತ ಬರೆದಿರುತ್ತಾರೆ. ಒಡೆತನವನ್ನೂ ಹಾಗೇ ಉಳಿಸಿ ನಕಲು ಮಾಡು ಎಂಬುದು ಅದರ ಅರ್ಥ. ಅಲ್ಲಿಗೆ ಉತಾರದಲ್ಲೂ ನಿಮ್ಮ 1000 ಬಂದು ಕೂರುತ್ತದೆ.

ಇದರಿಂದ ಏನಾಗುತ್ತದೆ? ನನಗೇ ಆದದ್ದು ಹೇಳುತ್ತೇನೆ. ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ತೂಕದ ಕಾಟಾಕ್ಕೆ ಒಂದು ಡಬ್ಬಿ ಮಾಡಿಕೊಟ್ಟಿದ್ದೆ. ಸೆಟ್ಟಿಂಗ್ ಫೈಲ್ 1000ರ ಹೆಸರಲ್ಲಿತ್ತು. ನನ್ನ ಮೇಜಿನ ಮೇಲಿದ್ದ ಬೋರ್ಡ್‌ನಲ್ಲಿ ಟೆಸ್ಟ್ ಬಳಕೆದಾರನ ನಂಬರೂ 1000 ಆಗಿದ್ದರಿಂದ ಎಲ್ಲ ಸರಿ ಓಡಿತು. ಕಾರ್ಖಾನೆಗೆ ಹೋದ ಇಮೇಜ್‌ನಲ್ಲಿ ಆ ಬಳಕೆದಾರನೇ ಇರಲಿಲ್ಲ. ಪ್ರೋಗ್ರಾಂಗೆ ತನ್ನ ಸೆಟ್ಟಿಂಗನ್ನೇ ಬರೆಯಲಾಗಲಿಲ್ಲ. ಹಂಗಾಮಿನ ಸಮಯ. ಹೊರಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳ ಸಾಲು, ಒಳಗೆ ನಾನು ಲಾಗ್ ಓದುತ್ತಾ ಕೂತಿದ್ದೆ. ಎಚ್ಚರಿಕೆ ಬಿಲ್ಡ್‌ನಲ್ಲೇ ಬಂದಿತ್ತು, ನಾನು ಸುಮ್ನೆ ದಾಟಿಸಿಬಿಟ್ಟಿದ್ದೆ. ಇನ್ನೊಂದು ಅಪಾಯ ಇದಕ್ಕಿಂತ ಜಾಸ್ತಿ. ರೂಟ್ ಓಡಿಸುವ ಪ್ರೋಗ್ರಾಂ ಫೈಲೇ 1000ರ ಹೆಸರಲ್ಲಿದ್ದರೆ, ಮುಂದೆ ಸಾಧನದಲ್ಲಿ ಆ ನಂಬರ್ ಸಿಕ್ಕವರು ಅದನ್ನು ಬದಲಿಸಿ ಇಡೀ ಸಾಧನವನ್ನೇ ಕೈಗೆ ತೆಗೆದುಕೊಳ್ಳಬಹುದು.

ತಿದ್ದುವುದು ಸುಲಭ. ನಾಲ್ಕೈದು ಫೈಲ್ ಆದರೆ ಸಿಪಿ ಬಿಟ್ಟು ‘ಇನ್‌ಸ್ಟಾಲ್’ ಕಮಾಂಡ್ ಬಳಸಿ, ಪ್ರೋಗ್ರಾಂಗೆ 0755, ಸೆಟ್ಟಿಂಗ್ ಫೈಲಿಗೆ 0644 ಅನುಮತಿ ಕೊಡಿ. ಇಡೀ ಫೋಲ್ಡರ್ ಇದ್ದರೆ ಸಿಪಿಗೆ ಕ್ಯಾಪಿಟಲ್ ಆರ್ ಜೊತೆ ‘ನೋ ಪ್ರಿಸರ್ವ್ ಓನರ್‌ಶಿಪ್’ ಆಯ್ಕೆ ಹಾಕಿ. ಡೂ-ಇನ್‌ಸ್ಟಾಲ್ ಒಳಗೇ ಟಾರ್ (ಫೈಲ್‌ಗಳ ಗಂಟು) ಬಿಚ್ಚುತ್ತಿದ್ದರೆ ‘ನೋ ಸೇಮ್ ಓನರ್’ ಬೇಕೇ ಬೇಕು. ಅಲ್ಲಿ ಟಾರ್ ತಾನು ರೂಟ್ ಅಂತಲೇ ನಂಬಿ, ಕಟ್ಟಿದವರ ನಂಬರ್‌ಗಳನ್ನು ಹಾಗೇ ಹಾಕುತ್ತದೆ. ಚಿಪ್ ಕಂಪನಿ ಕೊಟ್ಟ ಮೇಕ್‌ಫೈಲ್‌ನಲ್ಲೇ ತಪ್ಪಿದ್ದು ಅದನ್ನು ಮುಟ್ಟುವಂತಿಲ್ಲದಿದ್ದರೆ, ಡೂ-ಇನ್‌ಸ್ಟಾಲ್ ಕೊನೆಯಲ್ಲಿ ಆ ಫೋಲ್ಡರ್‌ಗೆ ‘ಚೌನ್’ ಹಾಕಿ ರೂಟ್‌ಗೆ ಒಪ್ಪಿಸಿ.

ಸರಿಯಾಯಿತಾ ಅಂತ ನೋಡಲು ವರ್ಕ್ ಫೋಲ್ಡರ್‌ನಲ್ಲಿ ‘ಎಲ್‌ಎಸ್’ ಹಾಕಬೇಡಿ. ಅಲ್ಲಿ ಎಲ್ಲವೂ ನಿಮ್ಮ ಹೆಸರಲ್ಲೇ ಕಾಣುತ್ತದೆ, ಅದು ತಪ್ಪಲ್ಲ. ತಯಾರಾದ ಪ್ಯಾಕೇಜ್ ಒಳಗೇ ಇಣುಕಿ. ಡೆಬ್ ಆದರೆ ‘ಡಿಪಿಕೆಜಿ ಮೈನಸ್ ಸಿ’, ಆರ್‌ಪಿಎಂ ಆದರೆ ‘ಮೈನಸ್ ಕ್ಯೂಪಿಎಲ್‌ವಿ’. ಜೊತೆಗಾರರ ಕಂಪ್ಯೂಟರ್‌ನಲ್ಲಿ ಎಚ್ಚರಿಕೆ ಬರುತ್ತಿಲ್ಲ ಅಂತಲೂ ನೆಮ್ಮದಿ ಪಡಬೇಡಿ. ನಿಮ್ಮಲ್ಲಿ ಕಟ್ಟಿದ ಪ್ಯಾಕೇಜನ್ನೇ ಹಂಚಿಕೊಂಡ ಎಸ್‌ಸ್ಟೇಟ್‌ನಿಂದ (ಹಿಂದೆ ಬಿಲ್ಡ್ ಆದವುಗಳ ಸಂಗ್ರಹ) ಎತ್ತಿಕೊಂಡರೆ ಅಲ್ಲಿ ಪರೀಕ್ಷೆ ಮತ್ತೆ ನಡೆಯುವುದಿಲ್ಲ.

ಪ್ರಶ್ನೆ: ನಮ್ಮ ಸೇವೆಗೆಂದೇ ‘ಯೂಸರ್‌ಆಡ್’ ಕ್ಲಾಸ್‌ನಿಂದ ಒಬ್ಬ ಬಳಕೆದಾರನನ್ನು ಮಾಡಿ, ಲಾಗ್ ಫೋಲ್ಡರನ್ನು ಅವನ ಹೆಸರಿಗೆ ಬರೆದಿದ್ದೇನೆ. ಬೇಕಂತಲೇ ಮಾಡಿದ್ದು, ಆದರೂ ಅದೇ ಎಚ್ಚರಿಕೆ!
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನಿಮ್ಮದು ತಪ್ಪಲ್ಲಮ್ಮ, ನಂಬರ್ ಒಂದೇ ಆಗಿಬಿಟ್ಟಿದೆ. ಉಬುಂಟುನಲ್ಲಿ ಮೊದಲ ಬಳಕೆದಾರರಿಗೆ 1000 ಸಿಗುತ್ತದೆ, ನಿಮ್ಮ ಇಮೇಜ್‌ನಲ್ಲಿ ಆ ಹೊಸ ಬಳಕೆದಾರನಿಗೂ ಅದೇ ಸಿಕ್ಕಿದೆ. ಪರೀಕ್ಷೆ ನೋಡುವುದು ನಂಬರನ್ನು ಮಾತ್ರ. ‘ಯೂಸರ್‌ಆಡ್ ಪ್ಯಾರಮ್’ನಲ್ಲಿ ‘ಸಿಸ್ಟಮ್’ ಆಯ್ಕೆ ಸೇರಿಸಿ. ಆಗ ಅವನಿಗೆ 1000ಕ್ಕಿಂತ ಕೆಳಗಿನ ನಂಬರ್ ಸಿಗುತ್ತದೆ. ಸೇವೆ ನಡೆಸುವ ಬಳಕೆದಾರನಿಗೆ ಸಲ್ಲುವುದೂ ಅದೇ.